ನಲವತ್ತು ಮಕ್ಕಳ ನಾಟಕ, ನಾಲ್ವರ ಸಿನಿಮಾ

ಕರ್ನಾಟಕದ ಪ್ರೌಢಶಾಲೆಗಳಲ್ಲಿ ನವೆಂಬರಿನಿಂದ ಜನವರಿಯವರೆಗಿನ ಅವಧಿ ವಾರ್ಷಿಕೋತ್ಸವಗಳ ಕಾಲವಾಗಿದ್ದು, ಕರಾವಳಿಯವರು ಸ್ಕೂಲ್ ಡೇ ಎಂದೂ ಉತ್ತರ ಕರ್ನಾಟಕದವರು ಗ್ಯಾದರಿಂಗ್ ಎಂದೂ ಕರೆಯುವ ಈ ಸಮಾರಂಭದ ಕಾರ್ಯಕ್ರಮ ಪಟ್ಟಿಯಲ್ಲಿ ಒಂದು ತಲೆಮಾರಿನ ಹಿಂದೆ ನಾಟಕಕ್ಕೆ ಕಾಯಂ ಸ್ಥಾನವಿತ್ತು. ಧ್ವನಿಮುದ್ರಿತ ಚಿತ್ರಗೀತೆಗೆ ಹೆಜ್ಜೆ ಹಾಕುವ ರೆಕಾರ್ಡ್ ಡ್ಯಾನ್ಸ್ ಆ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿಕೊಂಡ ಮೇಲೆ, ಈಚಿನ ವರ್ಷಗಳಲ್ಲಿ ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಿದ ಕಿರುಚಿತ್ರವೂ ಶಾಲೆಯ ಅಂಗಳಕ್ಕೆ ಬಂದಿದೆ. ನಾಟಕ ಹಳೆಯದಾಯಿತೇ, ಸಿನಿಮಾ ಮಕ್ಕಳನ್ನು ಕೆಡಿಸುತ್ತದೆಯೇ ಎಂಬಂಥ ಚರ್ಚೆಗಳು ಶಿಕ್ಷಕರ ಕೊಠಡಿಯಲ್ಲಿ ನಡೆಯುತ್ತಲೇ ಇರುತ್ತವಾದರೂ, ಶಾಲೆಯ ಮಟ್ಟಿಗೆ ಅವುಗಳಿಂದ ದೊಡ್ಡ ಪ್ರಯೋಜನವಿಲ್ಲ. ನಲವತ್ತು ಮಕ್ಕಳಿರುವ ಒಂದು ತರಗತಿ ನಾಟಕವನ್ನೋ ಚಿತ್ರವನ್ನೋ ಕೈಗೆತ್ತಿಕೊಂಡಾಗ ಅವರಲ್ಲಿ ಎಷ್ಟು ಮಂದಿಗೆ ನಿಜವಾದ ಕೆಲಸ ಸಿಗುತ್ತದೆ, ಎಷ್ಟು ಮಂದಿ ಗೋಡೆಗೊರಗಿ ಕೂತು ಉಳಿದವರನ್ನು ನೋಡುತ್ತಾರೆ ಎಂಬುದನ್ನು ಲೆಕ್ಕ ಹಾಕಿದರೆ ಈ ಎರಡು ಮಾಧ್ಯಮಗಳ ಸ್ವಭಾವವೂ ಶಾಲೆಯ ಸ್ವಭಾವವೂ ಒಟ್ಟಿಗೇ ಬೆಳಕಿಗೆ ಬರುತ್ತವೆ.

ಶಾಲೆಗೆಂದೇ ನಾಟಕ ಬರೆಯುವ ಪದ್ಧತಿಗೆ ಭಾರತದಲ್ಲಿ ಒಳ್ಳೆಯ ಪೂರ್ವನಿದರ್ಶನಗಳಿವೆ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದು, ಅಲ್ಲಿನ ಹುಡುಗರು ಆಡಲೆಂದು 1908ರಲ್ಲಿ 'ಶಾರದೋತ್ಸವ'ವನ್ನು ಬರೆದಾಗ, ಬಾಲಕರ ಒಂದು ಗುಂಪನ್ನೇ ನಾಟಕದೊಳಕ್ಕೆ ತಂದು ಕೂರಿಸಿದ್ದರು. ಕನ್ನಡದಲ್ಲಿ ಕುವೆಂಪು ತಮ್ಮ ಬರವಣಿಗೆಯ ಆರಂಭದ ವರ್ಷಗಳಲ್ಲೇ 'ಮೋಡಣ್ಣನ ತಮ್ಮ', 'ನನ್ನ ಗೋಪಾಲ' ಎಂಬ ಮಕ್ಕಳ ನಾಟಕಗಳನ್ನು ಬರೆದರು; ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸುತ್ತ ಹಾಡು, ಕುಣಿತ, ನಾಟಕಗಳನ್ನು ಪಾಠದಿಂದ ಬೇರ್ಪಡಿಸದೆ ಬಳಸಿದರು. ಮೂಕಿಚಿತ್ರಗಳ ಕಾಲದಲ್ಲಿ ಕ್ಯಾಮೆರಾ ಹಿಡಿದು ಚಿತ್ರ ತೆಗೆದವರೂ ಅದೇ ಕಾರಂತರೇ ಎಂಬುದನ್ನು, ರಂಗಭೂಮಿಗೂ ಸಿನಿಮಾಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧವೆಂದು ಭಾವಿಸುವವರು ನೆನಪಿಟ್ಟುಕೊಳ್ಳಬಹುದು. ಕೈಲಾಸಂ ಅವರ 'ಟೊಳ್ಳುಗಟ್ಟಿ' ಶಾಲೆಗೆಂದು ಹುಟ್ಟಿದ ನಾಟಕವಲ್ಲವಾದರೂ, ಪರೀಕ್ಷೆಯ ಅಂಕಗಳನ್ನೇ ಗಟ್ಟಿತನವೆಂದು ನಂಬಿದ ಮನೆಯನ್ನು ಅದು ಗೇಲಿ ಮಾಡುವ ರೀತಿಯಿಂದಾಗಿ ಶಾಲಾ ವೇದಿಕೆಗಳಿಗೆ ಒಗ್ಗಿಹೋಯಿತು. ಆದರೆ ಅದು ಒಂದು ಮನೆಯ ಪಡಸಾಲೆಯೊಳಗೆ ಮುಗಿಯುವ, ಕೈಬೆರಳೆಣಿಕೆಯ ಪಾತ್ರಗಳ, ಇಂಗ್ಲಿಷ್ ಬೆರೆತ ಬೆಂಗಳೂರು ಮಾತಿನ ನಾಟಕ. ಆರು ಮಂದಿ ಚುರುಕು ಮಕ್ಕಳಿಗೆ ಅದು ಹಬ್ಬವಾದರೆ ಉಳಿದ ಮೂವತ್ತನಾಲ್ಕು ಮಂದಿ ಪರದೆ ಎಳೆಯುವುದಕ್ಕೂ ಸರತಿ ಕಾಯಬೇಕಾಗುತ್ತದೆ.

ಈ ತೊಡಕನ್ನು ಕನ್ನಡ ರಂಗಭೂಮಿಯಲ್ಲಿ ಸ್ಪಷ್ಟವಾಗಿ ಕಂಡು ಅದಕ್ಕೊಂದು ದಾರಿ ತೋರಿಸಿದವರು ಬಿ. ವಿ. ಕಾರಂತರು. ಬಾಲ್ಯದಲ್ಲೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿ, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದು, ದೆಹಲಿಯ ಸರದಾರ್ ಪಟೇಲ್ ವಿದ್ಯಾಲಯದಲ್ಲಿ ನಾಟಕ ಶಿಕ್ಷಕರಾಗಿಯೂ ದುಡಿದ ಕಾರಂತರಿಗೆ ಕಂಪನಿ ನಾಟಕದ ಹಾಡುಗಾರಿಕೆ, ಯಕ್ಷಗಾನದ ಹಿಮ್ಮೇಳ ಮತ್ತು ತರಗತಿಯ ಗದ್ದಲ ಮೂರೂ ಸಮನಾಗಿ ಪರಿಚಯವಿದ್ದವು. ಅವರ ಮಕ್ಕಳ ನಾಟಕಗಳಲ್ಲಿ ಪ್ರಧಾನವಾಗಿ ಕಾಣುವುದು ಮೇಳ, ಅಂದರೆ ಹೆಸರಿಲ್ಲದ ಪಾತ್ರಗಳ ಗುಂಪು. ಈ ಗುಂಪು ರಂಗದ ಮೇಲೆ ಸದಾ ಇದ್ದುಕೊಂಡು, ಹಾಡುತ್ತ, ಮಾತನಾಡುತ್ತ, ಅಗತ್ಯ ಬಿದ್ದಾಗ ಕಾಡೂ ಬಾಗಿಲೂ ಮಳೆಯೂ ಆಗುತ್ತ, ಇಬ್ಬರು ಪಾತ್ರಧಾರಿಗಳು ಅದರೊಳಗಿಂದ ಮುಂದೆ ಬಂದು ಮಾತು ಮುಗಿಸಿ ಮತ್ತೆ ಅದರೊಳಗೇ ಕರಗುವಂತೆ ಅವಕಾಶ ಕೊಡುತ್ತದೆ. ಠಾಕೂರರ 'ತೋತಾಕಾಹಿನಿ' ಎಂಬ ಪುಟ್ಟ ವಿಡಂಬನೆಯನ್ನು ಆಧರಿಸಿದ ಕಾರಂತರ 'ಪಂಜರಶಾಲೆ' ಈ ದೃಷ್ಟಿಯಿಂದ ಮಾದರಿ ಕೃತಿ. ಹಾಡಿಕೊಂಡು ಹಾರಾಡುವ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜನೊಬ್ಬ ಆಜ್ಞೆ ಮಾಡುತ್ತಾನೆ. ಬಂಗಾರದ ಪಂಜರ ಸಿದ್ಧವಾಗುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕಗಳ ಪ್ರತಿ ತೆಗೆಯುವ ಲಿಪಿಕಾರರು ಬರುತ್ತಾರೆ, ಮೇಲ್ವಿಚಾರಕರ ಮೇಲೆ ಮೇಲ್ವಿಚಾರಕರು ನೇಮಕವಾಗುತ್ತಾರೆ, ಹಾಳೆಗಳನ್ನು ಬಾಯಿಗೆ ತುರುಕಿಸಿಕೊಂಡ ಗಿಳಿ ಕೊನೆಗೆ ಸಾಯುತ್ತದೆ. ಕಥೆಯ ಹರಿತವಾದ ವ್ಯಂಗ್ಯ ಶಿಕ್ಷಕರ ಕಡೆಗೇ ತಿರುಗಿರುವುದರಿಂದ ಅದನ್ನು ಶಾಲೆಯಲ್ಲೇ ಆಡುವುದಕ್ಕೆ ಒಂದಿಷ್ಟು ಧೈರ್ಯ ಬೇಕೆಂಬುದು ಬೇರೆ ಮಾತು. ಇಲ್ಲಿ ಮುಖ್ಯವಾದುದು, ಅದರ ಜನಜಂಗುಳಿಯಲ್ಲಿ ಎಷ್ಟು ಮಕ್ಕಳಿಗಾದರೂ ಜಾಗವಿದೆ ಎಂಬ ಸಂಗತಿ.

ಅದೇ ಗುಣ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಗೂ ಇದೆ. ರಾಬರ್ಟ್ ಬ್ರೌನಿಂಗ್ ಬರೆದ ಹ್ಯಾಮೆಲಿನ್ ಊರಿನ ಕೊಳಲುಗಾರನ ಕಥನವನ್ನು ಆಧರಿಸಿದ ಈ ಕವಿತೆ ನಾಟಕವಾಗಿ ಬರೆಯಲ್ಪಟ್ಟದ್ದಲ್ಲ, ಆದರೂ ಕನ್ನಡ ಮಕ್ಕಳ ರಂಗಭೂಮಿ ಅದನ್ನು ಬಿಟ್ಟುಕೊಟ್ಟಿಲ್ಲ. ಅದರಲ್ಲಿ ಊರಿಗೆ ಊರೇ ಇದೆ, ಊರು ತುಂಬ ಇಲಿಗಳಿವೆ, ಕೊನೆಗೆ ಊರಿನ ಮಕ್ಕಳೆಲ್ಲ ಜೋಗಿಯ ಹಿಂದೆ ಹೊರಡುತ್ತಾರೆ. ಒಂದೇ ಮಗು ಮೊದಲ ಭಾಗದಲ್ಲಿ ಇಲಿಯಾಗಿ, ನಡುವೆ ಗೌಡನ ಸಭೆಯಲ್ಲಿ ಕೂತ ಗ್ರಾಮಸ್ಥನಾಗಿ, ಕೊನೆಯಲ್ಲಿ ತನ್ನಂಥದೇ ಮಗುವಾಗಿ ಬರಬಹುದು. ಹೀಗೆ ವೇಷ ಬದಲಿಸದೆ ಮೈಯ ನಿಲುವನ್ನು ಮಾತ್ರ ಬದಲಿಸಿ ಪಾತ್ರದಿಂದ ಪಾತ್ರಕ್ಕೆ ಜಿಗಿಯುವುದನ್ನು ಕಲಿತ ಹದಿನಾಲ್ಕರ ಹುಡುಗಿಗೆ, ಮುಂದೆ ಪಠ್ಯದ ಪದ್ಯವೊಂದರಲ್ಲಿ ಮಾತನಾಡುತ್ತಿರುವವರು ಯಾರು, ಕೇಳಿಸಿಕೊಳ್ಳುತ್ತಿರುವವರು ಯಾರು ಎಂದು ಬಿಡಿಸಿ ಹೇಳಬೇಕಾಗುವುದಿಲ್ಲ.

ನಾಟಕದ ಕೆಲಸ ಹಂಚಿಕೆಯಾಗುವ ಬಗೆಯನ್ನು ಹತ್ತಿರದಿಂದ ನೋಡಬೇಕಾದರೆ ತಾಲೀಮಿನ ಕೊಠಡಿಗೇ ಹೋಗಬೇಕು. ಶಾಲೆಯಲ್ಲಿ ರಂಗಮಂದಿರವಿರುವುದು ಅಪರೂಪವಾದ್ದರಿಂದ ಬೆಂಚುಗಳನ್ನು ಗೋಡೆಗೆ ಸರಿಸಿ, ವಾರ್ಷಿಕೋತ್ಸವದ ವೇದಿಕೆಯ ಅಳತೆಯನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದುಕೊಳ್ಳುವುದು ವಾಡಿಕೆ. ಗೆರೆಯ ಎರಡು ಪಕ್ಕಗಳಲ್ಲಿ ಪಾತ್ರಧಾರಿಗಳು ಮರೆಯಾಗಿ ನಿಲ್ಲುವ ಪಕ್ಕದ ಪರದೆಗಳನ್ನು, ಅಂದರೆ ವಿಂಗ್ಸ್‌ಗಳನ್ನು, ಎರಡು ಕುರ್ಚಿಗಳು ಸೂಚಿಸುತ್ತವೆ. ಮೊದಲ ಕೆಲವು ದಿನ ನಡೆಯುವುದು ಓದು. ಎಲ್ಲರೂ ಸುತ್ತ ಕೂತು ನಾಟಕವನ್ನು ಗಟ್ಟಿಯಾಗಿ ಓದುತ್ತಾರೆ, ಪಾತ್ರಗಳನ್ನು ಯಾರಿಗೂ ಕೊಟ್ಟಿರುವುದಿಲ್ಲ, ಒಂದೇ ಮಾತನ್ನು ಐದು ಮಂದಿ ಐದು ಬಗೆಯಲ್ಲಿ ಹೇಳಿ ನೋಡುತ್ತಾರೆ. ಆ ಬಳಿಕ ಬ್ಲಾಕಿಂಗ್, ಅಂದರೆ ಯಾವ ಮಾತಿಗೆ ಯಾರು ಎಲ್ಲಿ ನಿಲ್ಲಬೇಕು, ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗಬೇಕು ಎಂಬ ಚಲನೆಯ ನಿಗದಿ. 'ಪಂಜರಶಾಲೆ'ಯಂಥ ನಾಟಕದಲ್ಲಿ ಪಂಜರವನ್ನು ತಂತಿಯಲ್ಲಿ ಕಟ್ಟುವ ಬದಲು ಎಂಟು ಮಕ್ಕಳು ಬಿದಿರು ಕೋಲುಗಳನ್ನು ನೆಟ್ಟಗೆ ಹಿಡಿದು ಗಿಳಿಯ ಸುತ್ತ ನಿಂತರೂ ಸಾಕು. ಕಥೆ ಮುಂದುವರಿದ ಹಾಗೆ ಅವರು ಒಂದೊಂದು ಹೆಜ್ಜೆ ಒಳಕ್ಕೆ ಸರಿಯುತ್ತ ಬಂದು ಕೊನೆಗೆ ಗಿಳಿ ಕೈ ಬಿಚ್ಚಲಾಗದಷ್ಟು ಇಕ್ಕಟ್ಟಾದಾಗ, ಒಂದೂ ಮಾತಿಲ್ಲದ ಆ ಎಂಟು ಮಕ್ಕಳೇ ನಾಟಕದ ಅರ್ಥವನ್ನು ಹೊತ್ತಿರುತ್ತಾರೆ. ಅವರಲ್ಲಿ ಒಬ್ಬ ಗೈರುಹಾಜರಾದರೆ ಪಂಜರದಲ್ಲಿ ತೂತು ಬೀಳುತ್ತದೆ, ತೂತು ಎಲ್ಲರಿಗೂ ಕಾಣುತ್ತದೆ. ತಾನಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಎಂಬ ಅರಿವು, ತರಗತಿಯ ಹಿಂದಿನ ಸಾಲಿನಲ್ಲಿ ಕೂರುವ ಹುಡುಗನಿಗೆ ಶಾಲೆಯ ಬೇರಾವ ಚಟುವಟಿಕೆಯಿಂದಲೂ ಅಷ್ಟು ನೇರವಾಗಿ ಸಿಗಲಾರದು.

ರಂಗದ ಹಿಂದಿನ ಕೆಲಸವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಇಲಿಯ ಮುಖವಾಡವನ್ನು ಅಂಗಡಿಯಿಂದ ತರುವುದಕ್ಕೂ ಮಾಡುವುದಕ್ಕೂ ಇರುವ ವ್ಯತ್ಯಾಸ ಹಣದ್ದಷ್ಟೇ ಅಲ್ಲ. ಜೇಡಿಮಣ್ಣಿನಲ್ಲಿ ಮುಖದ ಅಚ್ಚು ಮಾಡಿ, ಅದರ ಮೇಲೆ ಮೊದಲು ಒದ್ದೆ ಕಾಗದದ ಒಂದು ಪದರವನ್ನೂ ಆಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಹಳೆಯ ಪತ್ರಿಕೆಯ ಚೂರುಗಳ ಆರೇಳು ಪದರಗಳನ್ನೂ ಹಚ್ಚಿ, ನೆರಳಿನಲ್ಲಿ ಒಣಗಿಸಿ, ಮಣ್ಣಿನಿಂದ ಬಿಡಿಸಿ, ಅಂಚು ಕತ್ತರಿಸಿ ಬಣ್ಣ ಬಳಿಯುವ ಈ ಕೆಲಸಕ್ಕೆ ಹಲವು ದಿನ ಹಿಡಿಯುತ್ತದೆ. ಕಣ್ಣಿನ ತೂತುಗಳ ಅಂತರ ತಪ್ಪಿದರೆ ಹಾಕಿಕೊಂಡವನಿಗೆ ದಾರಿ ಕಾಣದು, ಬಾಯಿಯ ಜಾಗ ಮುಚ್ಚಿದರೆ ಮಾತು ಹೊರಗೆ ಬಾರದು. ಪಾತ್ರಧಾರಿಗಳ ಕೈಯಲ್ಲಿರುವ ಕೋಲು, ಗಂಟೆ, ಪುಸ್ತಕಗಳಂಥ ಸಾಮಾನುಗಳಿಗೆ ರಂಗದವರು ಪ್ರಾಪರ್ಟಿ ಎನ್ನುತ್ತಾರೆ. ಇವನ್ನು ಪ್ರವೇಶದ ಕ್ರಮದಲ್ಲಿ ಒಂದು ಮೇಜಿನ ಮೇಲೆ ಜೋಡಿಸಿಟ್ಟು, ಹೋದದ್ದು ಬಂದದ್ದರ ಲೆಕ್ಕವಿಡುವ ವಿದ್ಯಾರ್ಥಿಯ ಹೊಣೆ ನಾಯಕನ ಪಾತ್ರಕ್ಕಿಂತ ಹಗುರವಾದುದೇನಲ್ಲ. ಪ್ರದರ್ಶನದ ಕೊನೆಯಲ್ಲಿ ನಡೆಯುವ ಪರಿಚಯದಲ್ಲಿ ಈ ಮಕ್ಕಳ ಹೆಸರನ್ನು ನುಂಗಿಬಿಡುವುದು ಶಾಲೆಗಳಲ್ಲಿ ಸಾಮಾನ್ಯವಾಗಿದ್ದು, ಸಭಾ ಅತಿಥಿಗಳ ಸನ್ಮಾನಕ್ಕೆ ಸಿಗುವ ಕಾಲದ ಹತ್ತರಲ್ಲೊಂದು ಪಾಲು ಅವರ ಪರಿಚಯಕ್ಕೆ ಸಿಕ್ಕರೂ ಸಾಕಾಗುತ್ತದೆ.

ಸ್ಪರ್ಧೆಗಳು ಈ ಹಂಚಿಕೆಯನ್ನು ಮತ್ತೆ ಕಿರಿದಾಗಿಸುತ್ತವೆ. ಕೇಂದ್ರ ಸರ್ಕಾರ 2015ರಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗೆಂದು ಆರಂಭಿಸಿದ ಕಲಾ ಉತ್ಸವದಲ್ಲಿ ಸಂಗೀತ, ನೃತ್ಯ, ದೃಶ್ಯಕಲೆಗಳ ಜೊತೆಗೆ ನಾಟಕಕ್ಕೂ ಸ್ಥಾನವಿತ್ತು. ರಾಜ್ಯದ ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ ಹಳ್ಳಿಯ ಮಗುವನ್ನು ಜಿಲ್ಲಾ ಕೇಂದ್ರದ ವೇದಿಕೆಗೆ ತಂದ ಕೀರ್ತಿಗೆ ಪಾತ್ರವಾಗಿದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ನಡೆಸುತ್ತ ಬಂದಿರುವ ದಕ್ಷಿಣ ಭಾರತ ವಿಜ್ಞಾನ ನಾಟಕೋತ್ಸವ ವಿಜ್ಞಾನ ಶಿಕ್ಷಕರನ್ನು ರಂಗಕ್ಕೆ ಎಳೆದು ತಂದಿದೆ. ಕೇರಳದ ಶಾಲಾ ಕಲೋತ್ಸವದ ಸ್ಪರ್ಧೆಗಳ ಪಟ್ಟಿಯಲ್ಲಿ ಯಕ್ಷಗಾನವೂ ಇರುವುದರಿಂದ ಕಾಸರಗೋಡಿನ ಕನ್ನಡ ಮಕ್ಕಳಿಗೆ ತಮ್ಮ ನೆಲದ ಕಲೆಯನ್ನು ಮಲಯಾಳಿ ಪ್ರೇಕ್ಷಕರ ಮುಂದಿಡುವ ಅವಕಾಶ ದೊರೆಯುತ್ತದೆ. ಇವುಗಳ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಸ್ಪರ್ಧೆಯೆಂದರೆ ತಂಡದ ಗಾತ್ರಕ್ಕೆ ಮಿತಿ, ಸಮಯಕ್ಕೆ ಮಿತಿ, ಮೇಲಿನ ಹಂತಕ್ಕೆ ಹೋಗುವ ಒಂದೇ ತಂಡ. ಗೆಲ್ಲಲೇಬೇಕೆಂಬ ಹಟ ಹಿಡಿದ ಶಾಲೆ ಪ್ರತಿವರ್ಷ ಅದೇ ನಾಲ್ಕಾರು ಮಕ್ಕಳನ್ನು ಆರಿಸಿ, ಹೊರಗಿನಿಂದ ನಿರ್ದೇಶಕರನ್ನು ಕರೆಸಿ, ಮಾತಿನ ಏರಿಳಿತವನ್ನೂ ಕೈಯ ಬೀಸನ್ನೂ ಕಂಠಪಾಠ ಮಾಡಿಸುತ್ತದೆ. ಹೀಗೆ ಸಿದ್ಧವಾದ ನಾಟಕ ನೋಡಲು ಚೊಕ್ಕಟವಾಗಿರುತ್ತದೆ, ಮಕ್ಕಳ ಮುಖದಲ್ಲಿ ಮಾತ್ರ ನಿರ್ದೇಶಕರ ಮುಖ ಕಾಣುತ್ತದೆ. ಪ್ರತಿಭೆಯನ್ನು ಗುರುತಿಸುವುದು ಸ್ಪರ್ಧೆಯ ಕೆಲಸವಾಗಿರಬಹುದು, ಶಾಲೆಯ ಕೆಲಸ ಅದಕ್ಕಿಂತ ದೊಡ್ಡದು.

ಸಿನಿಮಾದ ಕಡೆ ತಿರುಗಿದಾಗ, ಮಕ್ಕಳಿರುವ ಚಿತ್ರ ಮತ್ತು ಮಕ್ಕಳು ಮಾಡುವ ಚಿತ್ರ ಇವೆರಡನ್ನು ಬೇರೆಬೇರೆಯಾಗಿ ನೋಡಬೇಕಾಗುತ್ತದೆ. ನಾಗಾಭರಣ ಅವರ 'ಚಿನ್ನಾರಿ ಮುತ್ತ', ಕುಂ. ವೀರಭದ್ರಪ್ಪನವರ ಕಥೆಯನ್ನಾಧರಿಸಿ ನಾಗತಿಹಳ್ಳಿ ಚಂದ್ರಶೇಖರ್ ತೆಗೆದ 'ಕೊಟ್ರೇಶಿ ಕನಸು', ಗಡಿನಾಡಿನ ಕನ್ನಡ ಶಾಲೆಯೊಂದನ್ನು ಕೇಂದ್ರದಲ್ಲಿಟ್ಟುಕೊಂಡು ರಿಷಬ್ ಶೆಟ್ಟಿ 2018ರಲ್ಲಿ ತೆರೆಗೆ ತಂದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಮುಂತಾದವು ಮೊದಲನೆಯ ಬಗೆಯವು. ಅಭಿನಯ ಮಕ್ಕಳದು, ಆಯ್ಕೆ ಮತ್ತು ನಿರ್ಧಾರಗಳೆಲ್ಲ ದೊಡ್ಡವರವು. ಕಿಶನ್ ಎಂಬ ಬಾಲಕ ಹತ್ತು ವರ್ಷದ ಆಸುಪಾಸಿನಲ್ಲೇ ನಿರ್ದೇಶಿಸಿ 2006ರಲ್ಲಿ ತೆರೆಗೆ ಬಂದ 'ಕೇರ್ ಆಫ್ ಫುಟ್‌ಪಾತ್' ಒಂದು ಸೋಜಿಗವಾಗಿ ದಾಖಲೆಗೆ ಸೇರಿತೇ ಹೊರತು ಶಾಲೆಗಳಿಗೆ ಮಾದರಿಯಾಗಲಿಲ್ಲ, ಏಕೆಂದರೆ ಅದರ ಹಿಂದೆ ಇದ್ದ ವ್ಯವಸ್ಥೆ ವೃತ್ತಿಪರ ಚಿತ್ರರಂಗದ್ದು. ಶಾಲೆಯ ಕಿರುಚಿತ್ರ ಇವೆರಡರ ಜಾತಿಗೂ ಸೇರಿದ್ದಲ್ಲ. ಅದು ಒಂದು ಫೋನು, ಒಂದು ಬಿಡುವಿನ ಶನಿವಾರ ಮತ್ತು ಒಬ್ಬ ಉತ್ಸಾಹಿ ಶಿಕ್ಷಕರ ಸೃಷ್ಟಿ.

ಕ್ಯಾಮೆರಾದ ಸ್ವಭಾವವೇ ಕೆಲಸವನ್ನು ಕೆಲವರಲ್ಲಿ ಕೇಂದ್ರೀಕರಿಸುವಂಥದು. ಕ್ಯಾಮೆರಾ ಒಮ್ಮೆ ಚಾಲೂ ಆಗಿ ನಿಲ್ಲುವವರೆಗಿನ ಅಖಂಡ ತುಣುಕನ್ನು ಶಾಟ್ ಎನ್ನುತ್ತಾರೆ, ಅದೇ ಶಾಟನ್ನು ಮತ್ತೆ ಮತ್ತೆ ತೆಗೆಯುವ ಪ್ರತಿ ಯತ್ನ ಒಂದು ಟೇಕ್. ಒಂದು ಶಾಟಿನ ಚೌಕಟ್ಟಿನೊಳಗೆ ಇಬ್ಬರಿದ್ದರೆ, ಒಬ್ಬರು ಫೋನು ಹಿಡಿದಿದ್ದರೆ, ಇನ್ನೊಬ್ಬರು ನಿರ್ದೇಶಿಸುತ್ತಿದ್ದರೆ ಅಲ್ಲಿಗೆ ನಾಲ್ವರಾದರು. ಉಳಿದ ಮೂವತ್ತಾರು ಮಂದಿಗೆ ಆಗ ಇರುವ ಏಕೈಕ ಜವಾಬ್ದಾರಿ ಸದ್ದು ಮಾಡದಿರುವುದು. ಚಿತ್ರೀಕರಣ ಮುಗಿದ ಮೇಲೆ ನಡೆಯುವ ಸಂಕಲನ, ಅಂದರೆ ಶಾಟುಗಳನ್ನು ಆರಿಸಿ, ಕತ್ತರಿಸಿ, ಕ್ರಮವಾಗಿ ಜೋಡಿಸುವ ಕೆಲಸ, ಇನ್ನೂ ಏಕಾಂತದ್ದು. ಚಿತ್ರ ನಿಜವಾಗಿ ಹುಟ್ಟುವುದು ಅಲ್ಲಿಯೇ ಆದರೂ ಆ ಪರದೆಯ ಮುಂದೆ ಒಬ್ಬ, ಹೆಚ್ಚೆಂದರೆ ಇಬ್ಬರು ಕೂರಬಲ್ಲರು, ಮತ್ತು ಬಹುತೇಕ ಶಾಲೆಗಳಲ್ಲಿ ಆ ಒಬ್ಬ ಮನೆಯಲ್ಲಿ ಒಳ್ಳೆಯ ಫೋನೋ ಲ್ಯಾಪ್‌ಟಾಪೋ ಇರುವ ಹುಡುಗನೇ ಆಗಿರುತ್ತಾನೆ. ನಾಟಕದಲ್ಲಿ ಬಡವರ ಮನೆಯ ಹುಡುಗಿ ದನಿಯೊಂದರಿಂದಲೇ ಗೆಲ್ಲಬಹುದು. ಸಿನಿಮಾದಲ್ಲಿ ಉಪಕರಣದ ಒಡೆತನ ಪಾತ್ರ ಹಂಚಿಕೆಗೂ ಮೊದಲೇ ಅರ್ಧ ತೀರ್ಮಾನ ಮಾಡಿರುತ್ತದೆ.

ಹಾಗೆಂದು ಸಿನಿಮಾವನ್ನು ಶಾಲೆಯ ಗೇಟಿನಾಚೆ ನಿಲ್ಲಿಸುವುದು ಸರಿಯಾದ ಪರಿಹಾರವಾಗದು. ದಿನವಿಡೀ ಚಲಿಸುವ ಚಿತ್ರಗಳನ್ನು ನೋಡುವ ಮಕ್ಕಳಿಗೆ ಅವು ಹೇಗೆ ಕಟ್ಟಲ್ಪಡುತ್ತವೆ ಎಂಬ ತಿಳಿವಳಿಕೆ ಕೊಡುವುದು ವ್ಯಾಕರಣ ಕಲಿಸುವಷ್ಟೇ ಅಗತ್ಯ. ಕೆ. ವಿ. ಸುಬ್ಬಣ್ಣನವರ ಹೆಗ್ಗೋಡಿನ ನೀನಾಸಂ ಸಂಸ್ಥೆ 1973ರಲ್ಲಿ ಚಿತ್ರಸಮಾಜ ಆರಂಭಿಸಿ, ಮುಂದೆ ಹಳ್ಳಿಯ ಜನರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿ ಚರ್ಚೆಗೆ ಹಚ್ಚಿದಾಗ, ಅಡಿಕೆ ತೋಟದವರಿಗೆ ಕುರೊಸಾವಾ ಏಕೆ ಎಂದು ಕೇಳಿದವರಿಗೆ ನೋಡಿದವರೇ ಉತ್ತರ ಕೊಟ್ಟರು. ಚಿತ್ರ ನೋಡುವುದು ನಲವತ್ತು ಮಂದಿಗೂ ಒಟ್ಟಿಗೇ ಸಾಧ್ಯವಾಗುವ ಕೆಲಸವಾದ್ದರಿಂದ ಶಾಲೆಯ ಸಿನಿಮಾ ಅಲ್ಲಿಂದಲೇ ಶುರುವಾಗಬೇಕು: ಐದು ನಿಮಿಷದ ಒಂದು ತುಣುಕನ್ನು ಮೊದಲು ದನಿಯಿಲ್ಲದೆ, ಆಮೇಲೆ ಚಿತ್ರವಿಲ್ಲದೆ ದನಿಯನ್ನಷ್ಟೇ, ಕೊನೆಗೆ ಎರಡನ್ನೂ ಕೂಡಿಸಿ ತೋರಿಸಿ, ಎಷ್ಟು ಶಾಟುಗಳಿದ್ದವು ಎಂದು ಎಣಿಸಲು ಹೇಳಿದರೆ, ಎಣಿಕೆ ಶುರುವಾದ ಗಳಿಗೆಯಿಂದಲೇ ಮಕ್ಕಳು ನೋಡುವ ಬಗೆ ಬದಲಾಗುತ್ತದೆ.

ಮಾಡುವ ಹಂತಕ್ಕೆ ಬಂದಾಗ ಕೇಂದ್ರೀಕರಣವನ್ನು ಮುರಿಯುವ ಒಂದು ಸರಳ ದಾರಿಯಿದೆ. ತರಗತಿಯನ್ನು ಐದೈದು ಮಂದಿಯ ಎಂಟು ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೂ ಹತ್ತೇ ಶಾಟುಗಳ ಒಂದು ಕಥೆಯನ್ನು ಕೊಟ್ಟು, ಆ ಹತ್ತನ್ನೂ ಕಥೆಯ ಕ್ರಮದಲ್ಲೇ ತೆಗೆಯಬೇಕು, ಸಂಕಲನ ಮಾಡುವಂತಿಲ್ಲ ಎಂದು ಷರತ್ತು ಹಾಕುವುದು. ತಪ್ಪಿದರೆ ಅಳಿಸಿ ಜೋಡಿಸಲು ಅವಕಾಶವಿಲ್ಲದಿರುವಾಗ ಯೋಚನೆಯೆಲ್ಲ ಕ್ಯಾಮೆರಾಕ್ಕೆ ಮೊದಲು ಕಾಗದದ ಮೇಲೆ ನಡೆಯಬೇಕಾಗುತ್ತದೆ. ಪ್ರತಿ ಶಾಟಿನ ರೇಖಾಚಿತ್ರವನ್ನು ಚೌಕಗಳಲ್ಲಿ ಬರೆದಿಡುವ ಸ್ಟೋರಿಬೋರ್ಡ್ ಎಂಬ ಪಟ್ಟಿಯಲ್ಲಿ ಐದು ಜನರ ತಲೆಯೂ ಓಡುತ್ತದೆ, ಶಾಟಿನಿಂದ ಶಾಟಿಗೆ ಕೆಲಸ ಬದಲಿಸಿಕೊಂಡರೆ ಎಲ್ಲರ ಕೈಗೂ ಫೋನು ಬರುತ್ತದೆ. ಎಂಟು ಫೋನು ಎಲ್ಲಿಂದ ಎಂಬ ಪ್ರಶ್ನೆಗೆ, ಶಿಕ್ಷಕರ ಒಂದೇ ಫೋನನ್ನು ಎಂಟು ದಿನ ಸರದಿಯಲ್ಲಿ ಬಳಸಬಹುದು ಎಂಬುದೇ ಉತ್ತರ.

ಇಂಥ ಚಿಕ್ಕ ಪ್ರಯೋಗದಲ್ಲಿಯೇ ಸಿನಿಮಾದ ಮೂಲಪಾಠಗಳು ತಾವಾಗಿ ಎದುರಾಗುತ್ತವೆ. ಸೈಕಲ್ ಸ್ಟ್ಯಾಂಡಿನ ಬಳಿ ಇಬ್ಬರು ಗೆಳತಿಯರು ಮಾತನಾಡುತ್ತಿದ್ದಾರೆಂದುಕೊಳ್ಳೋಣ. ಅವರಿಬ್ಬರನ್ನು ಕೂಡಿಸುವ ಒಂದು ಅದೃಶ್ಯ ಗೆರೆಯನ್ನು ಕಲ್ಪಿಸಿಕೊಂಡು ಕ್ಯಾಮೆರಾವನ್ನು ಆ ಗೆರೆಯ ಒಂದೇ ಪಕ್ಕದಲ್ಲಿ ಇಟ್ಟರೆ ಒಬ್ಬಳು ಸದಾ ಎಡದಿಂದ ಬಲಕ್ಕೂ ಇನ್ನೊಬ್ಬಳು ಬಲದಿಂದ ಎಡಕ್ಕೂ ನೋಡುತ್ತಿರುತ್ತಾಳೆ. ನೋಡುಗರಿಗೆ ಅವರು ಎದುರುಬದುರು ನಿಂತಿರುವುದು ಸ್ಪಷ್ಟವಾಗುತ್ತದೆ. ಎರಡನೆಯ ಶಾಟಿಗೆ ಕ್ಯಾಮೆರಾ ಗೆರೆ ದಾಟಿ ಆಚೆ ಹೋಯಿತೋ, ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಮೂರನೆಯವರೊಂದಿಗೆ ಮಾತನಾಡುತ್ತಿರುವಂತೆ ಕಾಣುತ್ತದೆ. ಇದನ್ನು ಚಿತ್ರದವರು 180 ಡಿಗ್ರಿ ನಿಯಮ ಎನ್ನುತ್ತಾರೆ. ಒಂದು ಶಾಟಿನಲ್ಲಿ ಎಡ ಹೆಗಲಿನಲ್ಲಿದ್ದ ಚೀಲ ಮುಂದಿನ ಶಾಟಿನಲ್ಲಿ ಬಲಕ್ಕೆ ಹೋಗಬಾರದೆಂಬ ನಿರಂತರತೆಯ ಎಚ್ಚರ, ಅಂದರೆ ಕಂಟಿನ್ಯುಟಿ, ಗುಂಪಿನಲ್ಲಿ ಒಬ್ಬರಿಗೆ ಪೂರ್ತಿ ಕೆಲಸವಾಗುತ್ತದೆ. ಕೊಠಡಿಯೊಳಗೆ ತೆಗೆದ ಚಿತ್ರದಲ್ಲಿ ಹಳೆಯ ಟ್ಯೂಬ್‌ಲೈಟಿನ ಬೆಳಕು ಪಟಪಟನೆ ಮಿನುಗಿದರೆ ಅದರ ಕಾರಣ ಭೌತಶಾಸ್ತ್ರದ ಪಾಠದಲ್ಲೇ ಇದೆ: ಭಾರತದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ಪ್ರವಾಹವಾದ್ದರಿಂದ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಕ್ಯಾಮೆರಾದ ಷಟರ್ ವೇಗವನ್ನು ಸೆಕೆಂಡಿನ 50ನೆಯ ಅಥವಾ 100ನೆಯ ಒಂದು ಭಾಗಕ್ಕೆ ಹೊಂದಿಸಿದರೆ ಮಿನುಗು ನಿಲ್ಲುತ್ತದೆ. ದನಿಯ ವಿಷಯದಲ್ಲಿ ಮಾತ್ರ ಫೋನು ನಿರ್ದಯಿ. ಮಧ್ಯಾಹ್ನದ ಬಿಸಿಯೂಟದ ತಟ್ಟೆಗಳ ಸದ್ದನ್ನೂ ಫ್ಯಾನಿನ ಗುಂಯ್‌ಗುಟ್ಟುವಿಕೆಯನ್ನೂ ಅದು ಮಾತಿನಷ್ಟೇ ಶ್ರದ್ಧೆಯಿಂದ ಹಿಡಿದಿಡುತ್ತದೆ.

ನಾಟಕ ಮತ್ತು ಚಿತ್ರಗಳ ನಡುವಣ ಇನ್ನೊಂದು ಅಂತರ ಪ್ರೇಕ್ಷಕರದು, ಮತ್ತು ಶಾಲೆಗಳು ಅತಿ ಕಡಿಮೆ ಯೋಚಿಸಿರುವುದು ಇದರ ಬಗ್ಗೆಯೇ. ಶಾಲಾ ನಾಟಕಕ್ಕೆ ಒಂದು ಅಂಗಳವಿದೆ. ಅಲ್ಲಿ ಕೂತವರು ಯಾರೆಂದು ಬಹುಮಟ್ಟಿಗೆ ಗೊತ್ತಿರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಈ ಅಂಗಳವನ್ನು ಗುರುತಿಸಿ, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಅದರ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳೇ ನಾಟಕವೊಂದನ್ನು ಆಡಿದಾಗ, ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರಿಗೆ ಸೀಮಿತವಾಗಿದ್ದರೆ, ಅದನ್ನು ಹಕ್ಕಿನ ಉಲ್ಲಂಘನೆಯೆಂದು ಎಣಿಸುವುದಿಲ್ಲ. ಅದೇ ಪ್ರದರ್ಶನದ ವಿಡಿಯೊ ಯೂಟ್ಯೂಬಿಗೆ ಏರಿದ ಕ್ಷಣ ಈ ರಿಯಾಯಿತಿಯ ಆಸರೆ ಕಳಚುತ್ತದೆ. ಲೇಖಕರು ತೀರಿಕೊಂಡ ವರ್ಷದ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುವುದರಿಂದ, 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಗಳು 2007ರಿಂದ ಎಲ್ಲರ ಸೊತ್ತಾಗಿವೆ. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೂ ಇರುತ್ತದೆ. ಕಿರುಚಿತ್ರದ ಹಿನ್ನೆಲೆಗೆ ಚಿತ್ರಗೀತೆಯೊಂದನ್ನು ಅಂಟಿಸುವ ಅಭ್ಯಾಸವಂತೂ ಕಾನೂನಿಗೂ ಕಲೆಗೂ ಒಟ್ಟಿಗೇ ಮಾಡುವ ಅನ್ಯಾಯ. ಸಂಗೀತ ಬೇಕಾದರೆ ತರಗತಿಯಲ್ಲೇ ಹಾಡುವವರಿದ್ದಾರೆ.

ಅಂಗಳದ ಗಡಿ ದಾಟುವುದರ ಪರಿಣಾಮ ಕಾನೂನಿನ ಪುಟಗಳಲ್ಲಷ್ಟೇ ಉಳಿದಿಲ್ಲ. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಕುರಿತು ಆಡಿದ ನಾಟಕ ಫೇಸ್‌ಬುಕ್ಕಿನಲ್ಲಿ ಹರಿದಾಡಿದ ಮೇಲೆ ರಾಜದ್ರೋಹದ ಪ್ರಕರಣ ದಾಖಲಾಗಿ, ಮುಖ್ಯ ಶಿಕ್ಷಕಿಯೂ ವಿದ್ಯಾರ್ಥಿನಿಯೊಬ್ಬಳ ತಾಯಿಯೂ ಬಂಧನಕ್ಕೊಳಗಾದರು. ಕರ್ನಾಟಕ ಹೈಕೋರ್ಟು 2023ರ ಜೂನ್‌ನಲ್ಲಿ ಆ ಪ್ರಕರಣವನ್ನು ರದ್ದುಗೊಳಿಸಿದಾಗ, ನಾಟಕ ನಡೆದದ್ದು ಶಾಲೆಯ ಆವರಣದಲ್ಲಿ, ಹೊರಗಿನವರಿಗೆ ಅದು ತಿಳಿದದ್ದು ಜಾಲತಾಣಕ್ಕೆ ಹಾಕಿದ ಮೇಲೆ ಎಂಬುದನ್ನು ಗಮನಿಸಿತು. ಮಕ್ಕಳನ್ನು ಸರ್ಕಾರದ ನೀತಿಗಳ ಟೀಕೆಯಿಂದ ದೂರವಿಡುವುದು ಒಳಿತೆಂಬ ಅಭಿಪ್ರಾಯವನ್ನೂ ಅದೇ ತೀರ್ಪು ಹೇಳಿದೆ. ಶಾಲಾ ನಾಟಕ ಯಾವ ವಿಷಯವನ್ನು ಎತ್ತಬೇಕು ಎಂಬುದರ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು. ಪ್ರಯೋಗ ಮಾಡುವ, ತಪ್ಪು ಮಾಡುವ, ಮರುದಿನ ಮರೆಯುವ ಸ್ವಾತಂತ್ರ್ಯ ಹದಿಹರೆಯದವರಿಗೆ ಬೇಕು ಎಂಬುದರ ಬಗ್ಗೆ ಇರಲಾರದು. ವಿಡಿಯೊ ಆ ಮರೆವನ್ನು ಕಸಿದುಕೊಳ್ಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ದತ್ತಾಂಶದ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸುವ ತತ್ತ್ವವನ್ನು ಒಪ್ಪಿರುವಾಗ, ಮಕ್ಕಳ ಮುಖಗಳಿರುವ ಚಿತ್ರವನ್ನು ಲೋಕಕ್ಕೆ ತೋರುವ ಮೊದಲು ಪೋಷಕರನ್ನೂ ಮಕ್ಕಳನ್ನೂ ಕೇಳುವುದು ಶಾಲೆಗೆ ಕನಿಷ್ಠ ಮರ್ಯಾದೆ.

ಇಷ್ಟೆಲ್ಲವನ್ನು ಮಾಡಿಸುವವರು ಯಾರು ಎಂಬುದು ಉಳಿದ ಪ್ರಶ್ನೆ. ನಾಟಕವನ್ನು ಕಲಿಕೆಯ ವಿಧಾನವಾಗಿ ಬಳಸುವ ಶಿಕ್ಷಣ ರಂಗಭೂಮಿ ಎಂಬ ಪರಿಕಲ್ಪನೆ 1965ರಲ್ಲಿ ಇಂಗ್ಲೆಂಡಿನ ಕೋವೆಂಟ್ರಿಯ ಬೆಲ್‌ಗ್ರೇಡ್ ರಂಗಮಂದಿರದಲ್ಲಿ ರೂಪುಗೊಂಡಿತು. ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ಇದಕ್ಕಾಗಿಯೇ ಒಂದು ತಂಡ ಕಟ್ಟಿತು. ಅದೇ ವರ್ಷ ಹುಟ್ಟಿದ ಮೈಸೂರಿನ ರಂಗಾಯಣದ ಬೇಸಿಗೆಯ ಚಿಣ್ಣರ ಮೇಳ, ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಕಟ್ಟಿ ಬೆಳೆಸಿದ ಬೆನಕ ಮಕ್ಕಳ ಕೇಂದ್ರ, 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರದಿಂದ ಹೊರಬಂದ ಹಲವು ತಂಡಗಳ ಯುವಕರು ಕನ್ನಡ ಮಕ್ಕಳೊಂದಿಗೆ ಕೆಲಸ ಮಾಡುವವರ ಒಂದು ಪಡೆಯನ್ನೇ ಸಿದ್ಧಗೊಳಿಸಿದ್ದಾರೆ. ಕರ್ನಾಟಕದ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನೇ ನೇಮಿಸಿದ್ದು ದೇಶದಲ್ಲೇ ಗಮನಾರ್ಹವಾದ ಹೆಜ್ಜೆಯಾದರೂ, ಅಂಥ ಶಿಕ್ಷಕರಿರುವ ಶಾಲೆಗಳಿಗಿಂತ ಇಲ್ಲದ ಶಾಲೆಗಳು ಎಷ್ಟೋ ಪಾಲು ಹೆಚ್ಚು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಗಳು ಪಠ್ಯದ ಭಾಗವಾಗಬೇಕೆಂದಿತು, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರದ ನಡುವೆ ಗೋಡೆ ಬೇಡವೆಂದಿತು. 625 ಅಂಕಗಳ ಎಸ್ಸೆಸ್ಸೆಲ್ಸಿ ಮಾತ್ರ ಎರಡನ್ನೂ ಕೇಳಿಸಿಕೊಂಡಂತಿಲ್ಲ, ಹತ್ತನೆಯ ತರಗತಿಯ ಮಕ್ಕಳನ್ನು ನಾಟಕದಿಂದ ಬಿಡಿಸಿ ಗುಂಪು ಅಧ್ಯಯನಕ್ಕೆ ಕೂರಿಸುವ ಪದ್ಧತಿ ಇಂದಿಗೂ ನಡೆದೇ ಇದೆ.

ತಾಲೀಮು ನಡೆಯುವ ಹೊತ್ತು ಕೂಡ ಪಾತ್ರ ಹಂಚಿಕೆಯಷ್ಟೇ ನಿರ್ಣಾಯಕವಾದುದು. ಶಾಲೆ ಬಿಟ್ಟ ಮೇಲೆ ತಾಲೀಮು ಇಟ್ಟುಕೊಂಡರೆ ಊರಿನಲ್ಲೇ ಮನೆಯಿರುವ ಮಕ್ಕಳು ಉಳಿಯುತ್ತಾರೆ, ಸಂಜೆಯ ಒಂದೇ ಬಸ್ಸಿಗೆ ಓಡಬೇಕಾದ ಸುತ್ತಲಿನ ಹಳ್ಳಿಗಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೇಳದೆ ಕೇಳದೆ ಪಟ್ಟಿಯಿಂದ ಬಿದ್ದುಹೋಗುತ್ತಾರೆ. ಎಷ್ಟೇ ಉದಾರವಾದ ಮೇಳ ಪದ್ಧತಿಯೂ ಬಸ್ ವೇಳಾಪಟ್ಟಿಯ ಮುಂದೆ ಸೋಲುತ್ತದೆ. ಆದ್ದರಿಂದ ಈ ಸಲದ ಗ್ಯಾದರಿಂಗಿಗೆ ನಾಟಕವನ್ನೋ ಚಿತ್ರವನ್ನೋ ಯೋಚಿಸುತ್ತಿರುವ ಮುಖ್ಯೋಪಾಧ್ಯಾಯರು ಮತ್ತು ಶಾಲಾಭಿವೃದ್ಧಿ ಸಮಿತಿಯವರು ವೇದಿಕೆ, ಶಾಮಿಯಾನ, ಧ್ವನಿವರ್ಧಕಗಳ ಖರ್ಚಿನ ಮಾತು ಆಡುವುದಕ್ಕೂ ಮೊದಲು, ಮೂರು ತಿಂಗಳ ಕಾಲ ವಾರಕ್ಕೆ ಎರಡು ಪೀರಿಯಡ್‌ಗಳನ್ನು ಶಾಲಾ ವೇಳಾಪಟ್ಟಿಯ ಒಳಗೇ ತಾಲೀಮಿಗೆಂದು ಬರೆದಿಡಬೇಕು.